ಚಕ್ರ ಅಂದ್ರೆ ಒಡವೆ ಅಲ್ಲ ಕಣ್ರೀ

ಕಾರಿನ ವೀಲು ಬದಲಾಯಿಸ್ತೀನಿ ಅಂತ ಬಾಯಿ ಬಿಟ್ಟರೆ ಸಾಕು, ಜನ ಎರಡು ಗುಂಪಾಗಿಬಿಡ್ತಾರೆ. ಒಂದು ನಮ್ಮಪ್ಪನ ಗುಂಪು. "ಚೆನ್ನಾಗಿ ಓಡ್ತಿರೋ ಕಾರಿನ ಚಕ್ರ ಬಿಚ್ಚಿ ಇನ್ನೊಂದು ಚಕ್ರ ಹಾಕ್ತಾರೇನೋ? ದುಡ್ಡು ಜಾಸ್ತಿ ಆಗಿದ್ರೆ ಊರಲ್ಲಿ ಮನೆಗೆ ಬಣ್ಣ ಹೊಡ್ಸು" ಅನ್ನೋರು. ಇನ್ನೊಂದು ಆಫೀಸಿನ ಹುಡುಗರ ಗುಂಪು. "19 ಇಂಚು ಹಾಕು ಗುರು, ರೋಡಲ್ಲಿ ಎಲ್ರೂ ತಿರುಗಿ ನೋಡ್ಬೇಕು" ಅನ್ನೋರು. ಕೇಳೋಕೆ ಇಬ್ಬರೂ ಉತ್ತರ ದಕ್ಷಿಣ. ನನ್ನ ಕಣ್ಣಿಗೆ ಮಾತ್ರ ಇಬ್ಬರೂ ಒಂದೇ ಒಡವೆ ಅಂಗಡಿ ಮುಂದೆ ನಿಂತ ಹಾಗೆ ಕಾಣ್ತಾರೆ. ಒಬ್ಬರು ಬೇಡ ಅಂತಿದಾರೆ, ಇನ್ನೊಬ್ಬರು ದೊಡ್ಡದೇ ತಗೋ ಅಂತಿದಾರೆ, ಅಷ್ಟೇ ವ್ಯತ್ಯಾಸ. ಬ್ರೇಕು, ಸ್ಟೀರಿಂಗು, ಸಸ್ಪೆನ್ಷನ್ ಥರಾನೇ ವೀಲು ಕೂಡಾ ಲೆಕ್ಕ ಹಾಕಿ ಆರಿಸಬೇಕಾದ ಯಂತ್ರದ ಭಾಗ ಅನ್ನೋದನ್ನ ಇಬ್ಬರೂ ಒಪ್ಪೋದಿಲ್ಲ. ನನ್ನ ತಕರಾರು ಇಷ್ಟೇ.

ಮೊದಲು ಕಾರಿನ ವಿಷಯ ಹೇಳಿಬಿಡ್ತೀನಿ. ನಂದು 2015ರ ಸುಬಾರು ಬಿಆರ್‌ಝಡ್, ಸೆಕೆಂಡ್ ಹ್ಯಾಂಡ್. ಎರಡು ಬಾಗಿಲಿನ ಕೂಪೆ. ಹಿಂದುಗಡೆ ಹೆಸರಿಗೆ ಎರಡು ಸೀಟಿವೆ, ಕೂರೋರು ಕಾಲು ಮನೇಲಿ ಬಿಟ್ಟು ಬರಬೇಕು. ನಾನು ಅಲ್ಲಿ ಇಂಡಿಯನ್ ಸ್ಟೋರಿಂದ ತಂದ ಸೋನಾ ಮಸೂರಿ ಚೀಲ ಇಡ್ತೀನಿ. ಟೊಯೋಟಾ ಮತ್ತು ಸುಬಾರು ಸೇರಿಕೊಂಡು ಮಾಡಿದ ಈ ಕಾರು 2012ರಲ್ಲಿ ಬಂತು. ಟೊಯೋಟಾದವರು ಇದನ್ನೇ 86 ಅಂತ ಮಾರಿದ್ರು, ಇಲ್ಲಿ ಅಮೆರಿಕದಲ್ಲಿ ಮೊದಮೊದಲು ಸಯಾನ್ ಎಫ್‌ಆರ್-ಎಸ್ ಅಂತಿತ್ತು. 2 ಲೀಟರ್ ಎಂಜಿನ್ನು, 200 ಹಾರ್ಸ್‌ಪವರ್, 1250 ಕೇಜಿ ಆಸುಪಾಸು ತೂಕ, ಎಂಜಿನ್ನಿನ ಶಕ್ತಿ ಹೋಗೋದು ಹಿಂದಿನ ಎರಡು ಚಕ್ರಕ್ಕೆ. ವಾರವೆಲ್ಲ ಆಫೀಸಿಗೆ, ಭಾನುವಾರ ಬೆಳಗ್ಗೆ ಸಾರಾಟೋಗಾದಿಂದ ಹೈವೇ 9 ಹತ್ತಿ ಸ್ಕೈಲೈನ್ ರಸ್ತೆಗೆ. ಆಗುಂಬೆ ಘಾಟಿ ನೆನಪಾಗೋ ತಿರುವುಗಳು, ಮಳೆ ಮಾತ್ರ ಇಲ್ಲ.

ಈ ಕಾರಿಗೆ ಕಂಪನಿಯವರು ಕೊಟ್ಟ ಟೈರು ನೋಡಿ ಆಗ ಸುಮಾರು ಜನ ನಕ್ಕಿದ್ದರು. 215 ಮಿಮೀ ಅಗಲದ ಮಿಶೆಲಿನ್ ಪ್ರೈಮಸಿ. ಸ್ಪೋರ್ಟ್ಸ್ ಕಾರಿಗೆ ಪ್ರಿಯಸ್ ಟೈರು ಹಾಕಿದಾರೆ ಅಂತ ಗೇಲಿ. ಆದರೆ 86ರ ಮುಖ್ಯ ಇಂಜಿನಿಯರ್ ಆಗಿದ್ದ ತೆತ್ಸುಯಾ ತಾದಾ ಬೇಕಂತಲೇ ಹಿಡಿತ ಕಮ್ಮಿ ಇರೋ ಟೈರು ಆರಿಸಿದ್ದರು. ಭಯಂಕರ ವೇಗಕ್ಕೆ ಹೋಗದೇನೇ ಕಾರು ಸ್ವಲ್ಪ ಜಾರಬೇಕು, ಓಡಿಸೋನಿಗೆ ಅದು ಗೊತ್ತಾಗಬೇಕು, ಅವನು ಅದನ್ನ ಸರಿಪಡಿಸಿಕೊಳ್ಳಬೇಕು ಅನ್ನೋದು ಅವರ ಲೆಕ್ಕ. ಒಪ್ಪೋದು ಬಿಡೋದು ಆಮೇಲೆ. ಕಾರಿನ ಸ್ವಭಾವವನ್ನೇ ಒಬ್ಬ ಇಂಜಿನಿಯರ್ ಟೈರಿನ ಮೂಲಕ ತೀರ್ಮಾನ ಮಾಡಿದ ಅನ್ನೋದು ನಂಗೆ ಮುಖ್ಯ ಅನ್ಸುತ್ತೆ. ಅಂಥ ತೀರ್ಮಾನವನ್ನ ಬದಲಾಯಿಸೋ ಮುಂಚೆ ಅದು ಏನು ಅಂತಾದ್ರೂ ಓದಿಕೊಳ್ಳಬೇಕಲ್ವಾ?

ಓದೋದು ಎಲ್ಲಿ ಅಂದ್ರೆ ವೀಲಿನ ಹಿಂಬದಿಯಲ್ಲೇ. ನಮ್ಮ ಕಾರಿನ ಜಾತಕ ಹೀಗಿದೆ: 17x7, +48, 5x100, 56.1.

17 ಅಂದ್ರೆ ರಿಮ್ಮಿನ ವ್ಯಾಸ, 7 ಅಂದ್ರೆ ಅಗಲ, ಎರಡೂ ಇಂಚಿನಲ್ಲಿ. ಐದು ಬೋಲ್ಟುಗಳು 100 ಮಿಮೀ ವ್ಯಾಸದ ವೃತ್ತದ ಮೇಲೆ ಕೂತಿವೆ, ಅದು 5x100. ಇದು ಹಳೇ ಸುಬಾರುಗಳ ಅಳತೆ, ಒಂದಷ್ಟು ಫೋಕ್ಸ್‌ವ್ಯಾಗನ್‌ಗಳದ್ದೂ ಹೌದು. ಈಗ ಹೆಚ್ಚಿನ ಜಪಾನಿ ಕಾರುಗಳು 5x114.3ಕ್ಕೆ ಹೋಗಿರೋದ್ರಿಂದ ನಮ್ಮಂಥವರಿಗೆ ಮಾರ್ಕೆಟ್ಟಿನಲ್ಲಿ ಆಯ್ಕೆ ಕಮ್ಮಿ. 56.1 ಮಿಮೀ ಅಂದ್ರೆ ನಡುವಿನ ತೂತಿನ ವ್ಯಾಸ, ಹಬ್ ಮೇಲೆ ಅದು ಬಿಗಿಯಾಗಿ ಕೂತರೆ ಮಾತ್ರ ಚಕ್ರ ನೆಟ್ಟಗೆ ನಡುವಿಗೆ ಬರುತ್ತೆ. ಗಾಲ್ಫ್ ಕಾರಿನ 5x100 ವೀಲನ್ನ ತಂದು ನಮ್ಮ ಕಾರಿಗೆ ಹಾಕಿದ್ರೆ ಬೋಲ್ಟು ಸರಿಯಾಗಿ ಕೂರುತ್ತೆ. ಆದ್ರೆ ಅದರ ತೂತು 57.1. ಒಂದೇ ಒಂದು ಮಿಲಿಮೀಟರ್! ಅಷ್ಟು ಸಾಕು, ನಡುವೆ ರಿಂಗ್ ಹಾಕದಿದ್ರೆ ಚಕ್ರ ನಡುವಿಗೆ ಕೂರದೆ ಹೈವೇನಲ್ಲಿ ಸ್ಟೀರಿಂಗು ನಡುಗೋಕೆ ಶುರುವಾಗಬಹುದು. ಆಮೇಲೆ ವೀಲ್ ಬ್ಯಾಲೆನ್ಸ್ ಮಾಡಿಸಿ ಮಾಡಿಸಿ ಸುಸ್ತಾಗೋದೊಂದೇ.

ಇವೆಲ್ಲ ತಾಳೆ ನೋಡೋದು ಸುಲಭ. ಜನ ಎಡವೋದು ಆ +48 ಅನ್ನೋ ಸಂಖ್ಯೆಯಲ್ಲಿ. ಇದಕ್ಕೆ ಆಫ್‌ಸೆಟ್ ಅಂತಾರೆ. ಚಕ್ರವನ್ನ ಅದರ ಅಗಲದ ಸರೀ ಮಧ್ಯಕ್ಕೆ ಸೀಳಿದಿರಿ ಅಂದ್ಕೊಳ್ಳಿ, ಹಬ್ಬಿಗೆ ತಾಗೋ ಮುಖ ಆ ಮಧ್ಯದ ಗೆರೆಯಿಂದ ಎಷ್ಟು ಆಚೆಗಿದೆ ಅನ್ನೋ ಲೆಕ್ಕ. ಸಂಖ್ಯೆ ಕಮ್ಮಿಯಾದಷ್ಟೂ ಚಕ್ರ ಹೊರಗೆ ಬರುತ್ತೆ, ಜಾಸ್ತಿಯಾದಷ್ಟೂ ಒಳಗೆ ಹೋಗುತ್ತೆ. ಈಗ 7 ಇಂಚಿನ ಬದಲು 8 ಇಂಚಿನ ರಿಮ್ ಹಾಕಿದ್ರೆ ಒಂದಿಂಚು, ಅಂದ್ರೆ 25.4 ಮಿಮೀ, ಎರಡೂ ಕಡೆ ಅರ್ಧರ್ಧ ಹಂಚಿಹೋಗುತ್ತೆ. ಆಫ್‌ಸೆಟ್ +45 ಆದ್ರೆ ಹೊರಗೆ 15.7 ಮಿಮೀ, ಒಳಗೆ 9.7 ಮಿಮೀ. ಅದೇ 8 ಇಂಚಿನ ರಿಮ್ಮು +35ರದ್ದಾದ್ರೆ ಒಳಗೆ ಹೆಚ್ಚು ಕಮ್ಮಿ ಇದ್ದಷ್ಟೇ, ಹೊರಗೆ ಮಾತ್ರ 25.7 ಮಿಮೀ. ಆರನೇ ಕ್ಲಾಸಿನ ಕೂಡೋ ಕಳೆಯೋ ಲೆಕ್ಕ ಇದು. ಇಷ್ಟನ್ನ ಮಾಡದೇ ಸಾವಿರಾರು ಡಾಲರ್ ಆರ್ಡರ್ ಒತ್ತೋ ಸಾಫ್ಟ್‌ವೇರ್ ಇಂಜಿನಿಯರುಗಳನ್ನ ನೋಡಿದೀನಿ. ಆಫೀಸಲ್ಲಿ ಇವರೇ ಒಂದು ಸಾಲಿನ ಕೋಡಿಗೆ ಮೂರು ಟೆಸ್ಟು ಬರೀರಿ ಅಂತ ಪಾಠ ಹೇಳೋದು :)

ಹೊರಗೆ ಬಂದರೆ ತಾನೇ ಚೆಂದ, ಫೆಂಡರಿಗೆ ಸಮ ಕಾಣುತ್ತೆ, ಅದರಲ್ಲೇನು ತಪ್ಪು ಅಂತ ಕೇಳ್ತಾರೆ. ನೋಡೋಕೆ ಚೆಂದ ಅನ್ನೋದು ನಾನೂ ಒಪ್ತೀನಿ. ಆದ್ರೆ ಮುಂದಿನ ಚಕ್ರ ತಿರುಗೋದು ಒಂದು ಓರೆ ಅಕ್ಷದ ಸುತ್ತ. ಆ ಅಕ್ಷ ನೆಲ ಮುಟ್ಟೋ ಜಾಗಕ್ಕೂ ಟೈರು ನೆಲ ಒತ್ತೋ ಮಧ್ಯಭಾಗಕ್ಕೂ ಇರೋ ಅಂತರ ತುಂಬ ಲೆಕ್ಕಾಚಾರದ್ದು, ಸ್ಕ್ರಬ್ ರೇಡಿಯಸ್ ಅಂತಾರೆ. ಚಕ್ರದ ಮಧ್ಯವನ್ನ ಹೊರಗೆ ತಳ್ಳಿದಷ್ಟೂ ಆ ಲೆಕ್ಕ ಕೆಡುತ್ತೆ. ರಸ್ತೆಯ ಪ್ರತಿ ಸೀಳು ಸ್ಟೀರಿಂಗನ್ನ ಕೈಯಿಂದ ಕಿತ್ತುಕೊಳ್ಳೋಕೆ ನೋಡುತ್ತೆ, ಬ್ರೇಕ್ ಒತ್ತಿದಾಗ ಒಂದು ಚಕ್ರ ನೀರಿನ ಮೇಲಿದ್ರೆ ಎಳೆತ ಶುರು, ಬೇರಿಂಗಿನ ಮೇಲೆ ಭಾರ ಜಾಸ್ತಿ. ಐದೋ ಆರೋ ಮಿಲಿಮೀಟರಿಗೆ ಆಕಾಶವೇನೂ ಕಳಚಿ ಬೀಳಲ್ಲ. ಇಪ್ಪತ್ತೈದು ಮೂವತ್ತು ಅಂದ್ರೆ ಬೇರೆ ಮಾತು. ಇದಾದ ಮೇಲೆ ಟೈರು ಫೆಂಡರಿಗೆ ಉಜ್ಜುತ್ತೆ ಅಂತ ಫೆಂಡರಿನ ಅಂಚು ಮಡಿಸೋದು, ಚಕ್ರವನ್ನ ಹಸುವಿನ ಕಾಲಿನ ಥರ ಓರೆ ಮಾಡೋದು, ಅಗಲದ ರಿಮ್ಮಿಗೆ ಕಿರಿದಾದ ಟೈರು ಹಿಗ್ಗಿಸಿ ಹಾಕೋದು... ಕೊನೆಗೆ ನೆಲಕ್ಕೆ ತಾಗೋದು ಟೈರಿನ ಒಳ ಅಂಚು ಅಷ್ಟೇ. 215/45 ಟೈರಿಗೆ 7ರಿಂದ 8 ಇಂಚಿನ ರಿಮ್ ಅಂತ ಟೈರಿನವರೇ ಬರೆದಿರ್ತಾರೆ. ಅದನ್ನ 9.5 ಇಂಚಿನ ರಿಮ್ಮಿಗೆ ಎಳೆದು ಕೂರಿಸೋದಕ್ಕೆ ಸ್ಟೈಲು ಅಂತ ಹೆಸರು. ಚಪ್ಪಲಿಗೆ ತಕ್ಕಂತೆ ಕಾಲು ಕತ್ತರಿಸಿದ ಹಾಗೆ!

ಇನ್ನು ದೊಡ್ಡ ಚಕ್ರದ ಹುಚ್ಚು. ನಮ್ಮ 215/45 ಆರ್17 ಟೈರಿನ ಒಟ್ಟು ವ್ಯಾಸ 625 ಮಿಮೀ, ಅದರ ಪಕ್ಕೆಗೋಡೆ ಸುಮಾರು 97 ಮಿಮೀ. 19 ಇಂಚಿಗೆ ಹೋಗಿ ಒಟ್ಟು ವ್ಯಾಸ ಅಷ್ಟೇ ಇಟ್ಟುಕೊಳ್ಳಬೇಕು ಅಂದ್ರೆ 215/35 ಆಸುಪಾಸಿಗೆ ಬರಬೇಕು, ಪಕ್ಕೆಗೋಡೆ 75 ಮಿಮೀ. ಅಂದ್ರೆ ಗುಂಡಿಗೂ ಲೋಹಕ್ಕೂ ನಡುವೆ ಇದ್ದ ಗಾಳಿ ಮೆತ್ತೆಯಲ್ಲಿ ಎರಡು ಸೆಂಟಿಮೀಟರ್ ನಾವೇ ದುಡ್ಡು ಕೊಟ್ಟು ತೆಗೆಸಿಕೊಂಡ ಹಾಗೆ. ಮೇಲಿಂದ ದೊಡ್ಡ ರಿಮ್ಮು ತೂಕ ಜಾಸ್ತಿ, ಅದರ ಟೈರಿಗೆ ಬೆಲೆ ಜಾಸ್ತಿ. ಇಷ್ಟಕ್ಕೂ ಅದರೊಳಗೆ ಕೂರಿಸೋಕೆ ನಮಗೇನು ಅಷ್ಟು ದೊಡ್ಡ ಬ್ರೇಕ್ ಇದೆಯಾ? ಇಲ್ಲ. ಇದೇ ಕಾರಿನ ಎರಡನೇ ತಲೆಮಾರು 2022ರ ಮಾಡೆಲ್ ಆಗಿ ಬಂದಾಗ ಎಂಜಿನ್ನು 2.4 ಲೀಟರಾಯ್ತು, 228 ಹಾರ್ಸ್‌ಪವರ್ ಆಯ್ತು. ಆಗಲೂ ಕಂಪನಿಯವರು ದುಬಾರಿ ಮಾಡೆಲ್ಲಿಗೆ ಕೊಟ್ಟಿದ್ದು 18x7.5, ಟೈರು ಅದೇ 215 ಅಗಲ. ಅವರಿಗೆ 19 ಇಂಚಿನ ಚಕ್ರ ಸಿಗದೇ ಹೋಗಿರಲಿಲ್ಲ.

ಬೆಂಗಳೂರಿನ ಗೆಳೆಯರಿಗೆ ಇಲ್ಲೇ ಒಂದು ಮಾತು. ಬಿಆರ್‌ಝಡ್ ನಮ್ಮ ದೇಶದಲ್ಲಿ ಮಾರಾಟಕ್ಕೆ ಬರಲಿಲ್ಲ. ಆದ್ರೆ ಜೆ.ಸಿ. ರೋಡಿನಲ್ಲಿ ಸ್ವಿಫ್ಟಿಗೆ ಎರಡಿಂಚು ದೊಡ್ಡ ಅಲಾಯ್ ಹಾಕಿಸೋರಿಗೂ ಲೆಕ್ಕ ಇದೇ. ನಮ್ಮೂರಿನ ಗುಂಡಿಗಳಿಗೆ ಪಕ್ಕೆಗೋಡೆ ಎಷ್ಟಿದ್ರೂ ಸಾಲದು, ಅದನ್ನ ಕಮ್ಮಿ ಮಾಡಿಕೊಳ್ಳೋದು ಯಾವ ಸುಖಕ್ಕೆ?

ತೂಕದ ವಿಷಯದಲ್ಲಿ ನನ್ನ ಪಕ್ಷದವರೇ, ಅಂದ್ರೆ ಹಗುರ ಚಕ್ರ ಬೇಕು ಅನ್ನೋರೇ, ಒಂದು ಸುಳ್ಳನ್ನ ಹಬ್ಬಿಸ್ತಾರೆ. ಚಕ್ರದಲ್ಲಿ ಒಂದು ಕೇಜಿ ಇಳಿಸಿದ್ರೆ ಕಾರಿನಲ್ಲಿ ಹತ್ತು ಕೇಜಿ ಇಳಿಸಿದ ಹಾಗೆ ಅಂತ. ಇಂಜಿನಿಯರಿಂಗ್ ಮೊದಲನೇ ವರ್ಷದ ಮೆಕ್ಯಾನಿಕ್ಸ್ ನೆನಪಿರೋ ಯಾರೇ ಆದ್ರೂ ಇದನ್ನ ಕಾಗದದ ಮೇಲೆ ಐದು ನಿಮಿಷದಲ್ಲಿ ಮುರೀಬಹುದು. ಚಕ್ರ ಮುಂದಕ್ಕೂ ಹೋಗಬೇಕು, ತನ್ನ ಸುತ್ತಲೂ ತಿರುಗಬೇಕು. ಹಾಗಾಗಿ ಒಂದು ಕೇಜಿ ಲೋಹ ಒಂದು ಕೇಜಿಗಿಂತ ಹೆಚ್ಚು ಭಾರದ ಥರ ವರ್ತಿಸುತ್ತೆ ಅನ್ನೋದು ನಿಜ. ಆದ್ರೆ ಆ ಲೋಹ ಪೂರ್ತಿ ಟೈರಿನ ಹೊರ ಅಂಚಿನಲ್ಲೇ ಇದ್ದಿದ್ರೂ ಅದು ಎರಡು ಕೇಜಿ ಆಗ್ತಿತ್ತೇ ಹೊರತು ಅದಕ್ಕಿಂತ ಜಾಸ್ತಿ ಅಲ್ಲ. ರಿಮ್ಮು ಅದಕ್ಕಿಂತ ಎಷ್ಟೋ ಒಳಗಿರೋದ್ರಿಂದ ನಿಜದಲ್ಲಿ ಒಂದೂವರೆಯ ಆಚೀಚೆ. ನನ್ನ ಕಾರಿನ ಮೂಲ ವೀಲನ್ನ ಮನೆಯ ತೂಕದ ಯಂತ್ರದ ಮೇಲಿಟ್ಟೆ, ಸುಮಾರು 9 ಕೇಜಿ. ಎಂಕೈ ಕಂಪನಿಯ ಆರ್‌ಪಿಎಫ್1 ಅನ್ನೋ ಹೆಸರುವಾಸಿ ವೀಲು 17x8 ಅಳತೆಯಲ್ಲಿ ಏಳು, ಏಳೂವರೆ ಕೇಜಿ. ನಾಲ್ಕೂ ಸೇರಿ ಏಳು ಕೇಜಿ ಉಳಿತಾಯ, ತಿರುಗೋ ಲೆಕ್ಕ ಸೇರಿಸಿದ್ರೂ ಹತ್ತು ಹತ್ತೂವರೆ. ಹಿಂದಿನ ಸೀಟಿನ 20 ಪೌಂಡಿನ ಅಕ್ಕಿ ಚೀಲ ಇಳಿಸಿದ್ರೆ ಹೆಚ್ಚು ಕಮ್ಮಿ ಅಷ್ಟೇ ಸಿಗುತ್ತೆ, ಅದೂ ಪುಕ್ಕಟೆ.

ಹಾಗಾದ್ರೆ ಹಗುರ ಚಕ್ರ ಯಾಕೆ ಬೇಕು? ವೇಗಕ್ಕಲ್ಲ, ಹಿಡಿತಕ್ಕೆ. ಸ್ಪ್ರಿಂಗಿನ ಕೆಳಗಿರೋ ಭಾಗಗಳು, ಅಂದ್ರೆ ಹಬ್ಬು, ಬ್ರೇಕು, ಚಕ್ರ, ಟೈರು, ರಸ್ತೆಯ ಏರಿಳಿತಕ್ಕೆ ತಕ್ಕಂತೆ ಕುಣೀಬೇಕು. ಅಲ್ಲಿ ಒಂದೊಂದು ಮೂಲೆಯಲ್ಲಿರೋದೇ ಕೆಲವು ಹತ್ತು ಕೇಜಿ, ಅದರಲ್ಲಿ ಒಂದೂಮುಕ್ಕಾಲು ಕೇಜಿ ಇಳಿದ್ರೆ ಗಮನಕ್ಕೆ ಬರೋ ವ್ಯತ್ಯಾಸ. ಹೈವೇ 9ರ ಒಡೆದ ಡಾಂಬರಿನ ತಿರುವಿನಲ್ಲಿ ಚಕ್ರ ನೆಲ ಬಿಟ್ಟು ಹಾರದೇ ಅಂಟಿಕೊಂಡಿರೋದು ಇದರಿಂದ. ಇದು ಸ್ಟಾಪ್‌ವಾಚಿಗೆ ಕಾಣೋದಕ್ಕಿಂತ ಅಂಗೈಗೆ ಗೊತ್ತಾಗೋದು ಜಾಸ್ತಿ.

ಈಗ ನಿಜವಾಗಿ ಹೊಟ್ಟೆ ಉರಿಯೋ ವಿಷಯಕ್ಕೆ ಬರ್ತೀನಿ. ನಕಲಿ ವೀಲುಗಳು. ರೇಸ್ ಅನ್ನೋ ಜಪಾನಿ ಕಂಪನಿ 1996ರಲ್ಲಿ ಟಿಇ37 ಅಂತ ಆರು ಕಡ್ಡಿಯ ಫೋರ್ಜ್ಡ್ ವೀಲು ತಂತು. ಫೋರ್ಜ್ಡ್ ಅಂದ್ರೆ ಅಲ್ಯುಮಿನಿಯಂ ಗಟ್ಟಿಯನ್ನ ಭಾರೀ ಒತ್ತಡದಲ್ಲಿ ಅದುಮಿ ಮಾಡಿದ್ದು. ಒಳಗಿನ ಲೋಹದ ಕಣಗಳು ಒತ್ತಾಗಿ ಕೂರೋದ್ರಿಂದ ಕಮ್ಮಿ ಲೋಹದಲ್ಲಿ ಹೆಚ್ಚು ಬಲ. ಕರಗಿಸಿ ಅಚ್ಚಿಗೆ ಹೊಯ್ದ ಎರಕದ ವೀಲಿಗೆ ಅಷ್ಟೇ ಬಲ ಬೇಕಂದ್ರೆ ಲೋಹ ಜಾಸ್ತಿ ಹಾಕಬೇಕು. ಎರಕ ಹೊಯ್ದು ಆಮೇಲೆ ಹೊರ ಭಾಗವನ್ನ ತಿರುಗಿಸುತ್ತಾ ರೋಲರಿನಿಂದ ಒತ್ತಿ ತೆಳ್ಳಗೆ ಎಳೆಯೋದು ಮಧ್ಯದ ದಾರಿ, ಫ್ಲೋ ಫಾರ್ಮಿಂಗ್ ಅಂತಾರೆ. ಆರ್‌ಪಿಎಫ್1 ಈ ಜಾತಿಯದ್ದು. ಫೋರ್ಜ್ಡ್ ಸೆಟ್ಟಿಗೆ ಎರಡೂವರೆ ಸಾವಿರ ಡಾಲರ್ ಮೇಲೆ ಆಗುತ್ತೆ. ಅದೇ ಆರು ಕಡ್ಡಿಯ ಆಕಾರವನ್ನ ಕದ್ದು, ಅಗ್ಗದ ಎರಕದಲ್ಲಿ ಮಾಡಿ, ಕಾಲು ಭಾಗ ಬೆಲೆಗೆ ಮಾರೋರು ಬೇಕಾದಷ್ಟಿದಾರೆ. ಫೋಟೋದಲ್ಲಿ ಎರಡೂ ಒಂದೇ.

ನಮ್ಮ ಆಫೀಸಿನ ಒಬ್ಬ ಗೆಳೆಯ, ನನ್ನಂಥದ್ದೇ ಕಾರು, ಇಂಥ ಒಂದು ಸೆಟ್ ಹಾಕಿಸಿದ. ಕೆಲವು ತಿಂಗಳಾದ ಮೇಲೆ ಒಂದು ರಾತ್ರಿ ಹೆಂಡತಿ ಜೊತೆ ಊಟ ಮುಗಿಸಿ ಬರುವಾಗ ಇಂಟರ್‌ಸ್ಟೇಟ್ 880ರಲ್ಲಿ ಒಂದು ಗುಂಡಿ. ದಡ್ ಅಂತ ಶಬ್ದ, ಒಂದು ನಿಮಿಷದಲ್ಲಿ ಟೈರು ಚಪ್ಪಟೆ. ಟ್ರಕ್ಕುಗಳು ಪಕ್ಕದಲ್ಲೇ ಹಾದುಹೋಗೋ ರಸ್ತೆ ಅದು. ಅದೃಷ್ಟಕ್ಕೆ ಬಲಗಡೆಯ ಲೇನಿನಲ್ಲಿದ್ದ, ಅಂಚಿಗೆ ತಂದು ನಿಲ್ಲಿಸಿದ. ಬೆಳಗ್ಗೆ ಬಿಚ್ಚಿ ನೋಡಿದ್ರೆ ಟೈರಿಗೆ ಏನೂ ಆಗಿಲ್ಲ, ರಿಮ್ಮಿನ ಒಳಭಾಗದಲ್ಲಿ ಬೆರಳುದ್ದದ ಸೀಳು. ಮಾರಿದವರು ರಸ್ತೆಗುಂಡಿಗೆ ವಾರಂಟಿ ಇಲ್ಲ ಅಂದ್ರು. ನ್ಯಾಯವಾಗಿ ಹೇಳಬೇಕು ಅಂದ್ರೆ ಒಳ್ಳೇ ಕಂಪನಿಗಳೂ ಗುಂಡಿಗೆ ವಾರಂಟಿ ಕೊಡೋದು ಅಪರೂಪ, ಒಳ್ಳೇ ವೀಲೂ ಗುಂಡಿಗೆ ಬಿದ್ರೆ ಸೊಟ್ಟಗಾಗಬಹುದು. ಆದ್ರೆ ಸೊಟ್ಟಗಾಗೋದಕ್ಕೂ ಸೀಳೋದಕ್ಕೂ ವ್ಯತ್ಯಾಸ ಇದೆ. ಸೊಟ್ಟಗಾದ ಚಕ್ರ ಸಾಮಾನ್ಯವಾಗಿ ಮನೆ ಮುಟ್ಟಿಸುತ್ತೆ.

ನಾನು ಆ ವೀಲನ್ನ ತಿರುಗಿಸಿ ಹಿಂಬದಿ ನೋಡಿದೆ. ಅಳತೆ ಬಿಟ್ಟರೆ ಏನೂ ಇಲ್ಲ. ಜಪಾನಿನ ಮಾನದಂಡಕ್ಕೆ ಹೊಂದುವ ವೀಲಿನ ಮೇಲೆ ಜೆಡಬ್ಲ್ಯುಎಲ್ ಅಂತ ಅಚ್ಚು ಇರುತ್ತೆ. ಬಾಗಿಸುತ್ತಾ ತಿರುಗಿಸೋದು, ಭಾರ ಹೇರಿ ಉರುಳಿಸೋದು, ಓರೆಯಾಗಿ ಇಟ್ಟು ಮೇಲಿಂದ ತೂಕ ಬೀಳಿಸೋದು, ಹೀಗೆ ಪರೀಕ್ಷೆಗಳು. ಆ ಅಚ್ಚನ್ನ ತಯಾರಕರೇ ಹಾಕಿಕೊಳ್ತಾರೆ, ಜೊತೆಗೆ ವಿಐಎ ಅಂತ ಇನ್ನೊಂದು ಅಚ್ಚಿದ್ರೆ ಹೊರಗಿನ ಸಂಸ್ಥೆ ಪರಿಶೀಲಿಸಿದೆ ಅಂತ ಅರ್ಥ. ಜರ್ಮನಿಯಲ್ಲಿ ಟಿಯುವಿ ಇದೆ. ಅಮೆರಿಕದಲ್ಲಿ ಎಸ್‌ಎಇ ಜೆ2530 ಅನ್ನೋ ಮಾನದಂಡ ಇದೆ, ಪಾಲಿಸೋದು ಬಿಡೋದು ತಯಾರಕರ ಇಷ್ಟ. ಇನ್ನೊಂದು, ಎಷ್ಟು ಭಾರ ಹೊರಬಲ್ಲದು ಅನ್ನೋ ಸಂಖ್ಯೆಯೂ ವೀಲಿನ ಮೇಲಿರಬೇಕು. ಅದರ ಎರಡರಷ್ಟು, ಬಾಗಿಲಿನ ಚೌಕಟ್ಟಿನ ಸ್ಟಿಕ್ಕರಿನಲ್ಲಿ ಒಂದು ಆಕ್ಸಲಿಗೆ ಬರೆದ ಭಾರಕ್ಕಿಂತ ಜಾಸ್ತಿ ಇರಬೇಕು. ಟೈರಿಗೂ ಅಂಥದ್ದೇ ಸಂಖ್ಯೆ ಇದೆ. ನಮ್ಮದರ ಮೇಲೆ 87 ಅಂತಿದೆ, ಅಂದ್ರೆ ಒಂದು ಟೈರಿಗೆ 545 ಕೇಜಿ. ಯಾವ ಅಚ್ಚೂ ಇಲ್ಲದ ವೀಲು ಪುಕ್ಕಟೆ ಕೊಟ್ಟರೂ ನನಗೆ ಬೇಡ. ಸಾವಿರ ಡಾಲರಿನಲ್ಲಿ ಒಳ್ಳೇ ನಕಲಿ ಸಿಗುತ್ತೆ ಅನ್ನೋರಿಗೆ ನನ್ನ ಉತ್ತರ, ಇನ್ನೂರೋ ಮುನ್ನೂರೋ ಸೇರಿಸಿದ್ರೆ ಅಸಲಿ ಫ್ಲೋ ಫಾರ್ಮ್ಡೇ ಸಿಗುತ್ತೆ. ಅದೂ ಆಗಲ್ಲ ಅಂದ್ರೆ ಕಂಪನಿ ವೀಲು ಇಟ್ಟುಕೊಂಡು ಒಳ್ಳೇ ಟೈರು ಹಾಕಿ. ಸತ್ಯವಾಗಿ ಹೇಳ್ತೀನಿ, ಮೊದಲ ಖರ್ಚು ಅದೇ ಆಗಬೇಕು. ಯಾವ ಚಕ್ರವೂ ಟೈರಿನಷ್ಟು ವ್ಯತ್ಯಾಸ ಮಾಡಲ್ಲ.

ನನ್ನ ಆಯ್ಕೆ 17x8, +45, ಫ್ಲೋ ಫಾರ್ಮ್ಡ್. ಟೈರು 225/45. ವ್ಯಾಸ 634 ಮಿಮೀ ಆಗುತ್ತೆ, ಮೂಲಕ್ಕಿಂತ ಶೇಕಡಾ ಒಂದೂವರೆ ಜಾಸ್ತಿ. ಸ್ಪೀಡೋಮೀಟರ್ ಮೂಲ ಟೈರಿಗೆ ಸರಿಯಾಗಿ ನೂರು ತೋರಿಸ್ತಿತ್ತು ಅಂದ್ಕೊಂಡ್ರೆ ಈಗ ನಿಜವಾಗಿ ನೂರೊಂದೂವರೆ. ಟೈರು ಫೆಂಡರಿನ ಒಳಗೇ ಇರುತ್ತೆ, ಎಲ್ಲೂ ಉಜ್ಜಲ್ಲ, ಸ್ಪೇಸರ್ ಬೇಡ. 17 ಇಂಚಿನ ಒಳ್ಳೇ ಟೈರುಗಳು 18ರದ್ದಕ್ಕಿಂತ ಅಗ್ಗ, ನಾಲ್ಕೈದು ವರ್ಷದಲ್ಲಿ ಅಲ್ಲೇ ಎಷ್ಟೋ ದುಡ್ಡು ಉಳಿಯುತ್ತೆ. ಬ್ರೆಂಬೋ ಬ್ರೇಕಿನ 2017ರ ನಂತರದ ಮಾಡೆಲ್ ಇರೋರು ಕ್ಯಾಲಿಪರಿಗೆ ಕಡ್ಡಿ ತಾಗುತ್ತಾ ಅಂತ ಬೇರೆಯಾಗಿ ನೋಡಿಕೊಳ್ಳಬೇಕು, ಆಫ್‌ಸೆಟ್ ಸಂಖ್ಯೆ ಅದನ್ನ ಹೇಳಲ್ಲ. ಮತ್ತೆ ಈ ದೇಶದಲ್ಲಿ 2007ರ ಸೆಪ್ಟೆಂಬರಿನಿಂದ ಹೊಸ ಕಾರುಗಳಿಗೆಲ್ಲ ಟೈರಿನ ಗಾಳಿ ಅಳೆಯೋ ವ್ಯವಸ್ಥೆ ಕಡ್ಡಾಯ. ನಮ್ಮ ಕಾರಿನಲ್ಲಿ ಅದರ ಸೆನ್ಸರುಗಳು ಚಕ್ರದ ಒಳಗಿವೆ, ಹೊಸ ಚಕ್ರಕ್ಕೆ ಹೊಸ ಸೆನ್ಸರು ಅನ್ನೋ ಖರ್ಚನ್ನ ಮರೀಬೇಡಿ. ನಟ್ಟುಗಳನ್ನ ಟಾರ್ಕ್ ರೆಂಚಿನಲ್ಲಿ 120 ನ್ಯೂಟನ್ ಮೀಟರಿಗೆ ಬಿಗಿ ಮಾಡಿ, ನೂರು ಕಿಲೋಮೀಟರ್ ಓಡಿಸಿ ಮತ್ತೆ ನೋಡಬೇಕು. ಅಂಗಡಿಯ ಹುಡುಗ ಗಾಳಿ ಗನ್ನಿನಲ್ಲಿ ಟರ್ ಅಂತ ತಿರುಗಿಸಿದ್ದನ್ನ ನಂಬಬೇಡಿ.

ಇಷ್ಟೆಲ್ಲ ಲೆಕ್ಕ ಮುಗಿದ ಮೇಲೆ ಉಳಿದಿರೋದು ಬಣ್ಣ, ಅದಕ್ಕೆ ಯಾವ ಸೂತ್ರವೂ ಇಲ್ಲ. ನನ್ನ ಕಾರು ಸುಬಾರು ನೀಲಿ. 1995ರಲ್ಲಿ ಕಾಲಿನ್ ಮೆಕ್‌ರೇ ಇಂಪ್ರೆಜಾದಲ್ಲಿ ವಿಶ್ವ ರ್‍ಯಾಲಿ ಚಾಂಪಿಯನ್ ಆದಾಗ ಕಾರು ನೀಲಿ, ಚಕ್ರ ಚಿನ್ನದ ಬಣ್ಣ. ಆ ಚಿತ್ರಗಳನ್ನ ನೋಡಿದ ಮೇಲೆ ನೀಲಿ ಸುಬಾರುಗೆ ಬೇರೆ ಬಣ್ಣದ ಚಕ್ರ ಒಪ್ಪೋದೇ ಇಲ್ಲ ಅನ್ನೋದು ಒಂದು ಪಕ್ಷ. ಚಿನ್ನದ ಬಣ್ಣ ಹಾಕಿದ್ರೆ ಒಡವೆ ಅಲ್ಲ ಅಂತ ಇಷ್ಟುದ್ದ ಕೊರೆದದ್ದಕ್ಕೆ ಏನರ್ಥ ಅಂತ ಆಫೀಸಿನ ಹುಡುಗರು ಕಾಲೆಳೆಯೋದು ಗ್ಯಾರಂಟಿ :) ಬೆಳ್ಳಿ ಬಣ್ಣದ್ದು ಇಪ್ಪತ್ತು ಡಾಲರ್ ಕಮ್ಮಿ, ಈ ವಾರ ಸ್ಟಾಕೂ ಇದೆ. ಚಿನ್ನದ್ದಕ್ಕೆ ಆರು ವಾರ ಕಾಯಬೇಕಂತೆ. ನೀವೇನಂತೀರಿ?